ಒಳಮಗ್ಗುಲು

ನಾಲ್ಕೂವರೆ ಸಾವಿರ ಎಂದಳು ಹುಡುಗಿ, ಫೋನಿನಲ್ಲಿ.
ಮೂರು ಕುಪ್ಯದ ಕೂಲಿ, ಮನಸ್ಸಿನಲ್ಲೇ ಎಣಿಸಿದೆ,
ಅಂಚು ಹೊಲಿದು ಇಸ್ತ್ರಿ ಹಾಕಿದ್ದೂ ಸೇರಿ.

ಬ್ರೋಕರ್ ಬೆಳ್ಯಪ್ಪ ನಕ್ಕ: "ಸೆಲಿನಕ್ಕಾ,
ಮದುವೆಗೆ ಮುಂಚೆ ಹುಡುಗಿಗೆ ಎಕ್ಸ್‌ರೇ ತೆಗೆಸ್ತಾರಾ?
ಎರಡು ರೂಮಿನ ಫ್ಲ್ಯಾಟು, ಹೊಸ ಪೇಂಟು,
ಕಿಟಕಿ ತೆರೆದರೆ ಇಗರ್ಜಿಯ ಗಂಟೆ
ಅಡುಗೆಮನೆಗೇ ಬಂದು ಬೀಳುತ್ತೆ."

ವಿರಾಜಪೇಟೆಯಲ್ಲಿ ಹತ್ತೊಂಬತ್ತು ವರ್ಷ ಹೊಲಿದ ದುಡ್ಡು.
ಮೊಳ ಬಟ್ಟೆಯನ್ನೂ ನಾನು
ತಿರುಗಿಸಿ ನೋಡದೆ ಕೊಳ್ಳುವವಳಲ್ಲ.
ಬಾ ಎಂದೆ.

ಸುಹರಾ ಬಂದಳು ಗೋಣಿಕೊಪ್ಪದಿಂದ, ಸ್ಕೂಟರಿನಲ್ಲಿ,
ತಲೆವಸ್ತ್ರದ ಮೇಲೆ ಹೆಲ್ಮೆಟ್ಟು, ಬೆನ್ನಿಗೊಂದು ಮಡಚುವ ಏಣಿ.
ಮಾತಿಗೂ ಮುಂಚೆ ಚಪ್ಪಲಿ ಬಿಚ್ಚಿ
ಬರಿಗಾಲಲ್ಲಿ ನೆಲವನ್ನು ಕೇಳಿಸಿಕೊಂಡಳು.
ಜೇಬಿನಿಂದ ಗೋಲಿ. ಹಸಿರು ಗೋಲಿ.
ನಡುಮನೆಯಲ್ಲಿ ಇಟ್ಟು ಕೈ ತೆಗೆದಳು.
ಅದು ಸ್ವಲ್ಪ ಹೊತ್ತು ಯೋಚಿಸಿತು,
ಆಮೇಲೆ, ಯಾರೋ ಕರೆದ ಹಾಗೆ,
ಬಾಲ್ಕನಿಯ ಕಡೆ ಹೊರಟಿತು.

ಟೈಲ್ಸಿನ ಮೇಲೆ ಬೆರಳ ಗಂಟು: ಟಕ್ ಟಕ್ ಟಕ್ ಡೊಬ್.
ಡೊಬ್ ಅಂದಲ್ಲಿ ಸೀಮೆಸುಣ್ಣದ ಗುಣಾಕಾರ.
(ನಾನೂ ಹೀಗೇ ಗುರುತು ಹಾಕುವುದು,
ಬಿಚ್ಚಬೇಕಾದ ಕಡೆ.)
ಮೀಟರಿನ ಎರಡು ಮುಳ್ಳು ಗೋಡೆಗೆ ಚುಚ್ಚಿದಳು,
ಬಚ್ಚಲ ಮಗ್ಗುಲಿನ ಗೋಡೆ, ಬೀರು ಸರಿಸಿದ ಗೋಡೆ.
ಅಂಕಿ ಏರಿತು, ಏರಿ ಕೂಗಿಕೊಂಡಿತು.
ಈ ಗೋಡೆಗೆ ಮಾತ್ರ ಬಣ್ಣ ಎರಡು ಕೈ ಜಾಸ್ತಿ, ಎಂದಳು,
ದೂರು ಹೇಳುವ ದನಿಯಲ್ಲಲ್ಲ,
ಸಾರಿಗೆ ಉಪ್ಪು ಜಾಸ್ತಿ ಅನ್ನುವ ಹಾಗೆ.

ಹಿಂದಕ್ಕೆ ಇಳಿದೆವು. ಗುಡ್ಡ ಕಡಿದು ಕಟ್ಟಿದ ಬಿಲ್ಡಿಂಗು,
ಅದರ ಬೆನ್ನಿಗೆ ತಡೆಗೋಡೆ, ಎರಡಾಳೆತ್ತರ.
"ನೀರು ಹೋಗೋಕೆ ಇಲ್ಲಿ ತೂತು ಇರಬೇಕಿತ್ತು, ಸಾಲಾಗಿ.
ಗೋಡೆ ಉಸಿರಾಡೋ ತೂತು. ಒಂದೂ ಇಲ್ಲ."
ಬೆಳ್ಯಪ್ಪ ಮೊಬೈಲಿನಲ್ಲಿ ಯಾರನ್ನೋ ಹುಡುಕಿದ.

ಮನೆಯೊಡತಿ ಚೋಂದಮ್ಮ ಅಷ್ಟೂ ಹೊತ್ತು
ಬಾಗಿಲ ಚೌಕಟ್ಟಿಗೆ ಒರಗಿದ್ದರು,
ಕಾಫಿ ಲೋಟ ಕೈಯಲ್ಲಿ, ಕುಡಿಯದೆ.
ಅವರ ಮಗನ ಮದುವೆಯ ಬಿಳಿ ಕುಪ್ಯ
ಹೊಲಿದವಳು ನಾನು.
ಕೊನೆಯ ರಾತ್ರಿ ಇಸ್ತ್ರಿಪೆಟ್ಟಿಗೆ ಕಚ್ಚಿತ್ತು, ಕಂಕುಳ ಕೆಳಗೆ,
ಕಾಸಗಲ, ಕಂದು.
ಕತ್ತರಿಸಿ, ಅದೇ ಥಾನಿನ ತುಂಡು ಕೂರಿಸಿ,
ಹೊಲಿಗೆಯ ಸಾಲಿನಲ್ಲೇ ಹೊಲಿಗೆ ಅಡಗಿಸಿ ಕೊಟ್ಟೆ.
ಪೂರಾ ಕೂಲಿ ತೆಗೆದುಕೊಂಡೆ.
ವಾಲಗಕ್ಕೆ ಹುಡುಗ ಕೈ ಎತ್ತಿ ಕುಣಿದ,
ಯಾರಿಗೂ ಕಾಣಲಿಲ್ಲ.

ಟಾರ್ಚಿನ ಬೆಳಕು ಆ ಗೋಡೆಗೆ ಓರೆಯಾಗಿ ಬಿದ್ದಾಗ
ಚೋಂದಮ್ಮ ನನ್ನನ್ನು ನೋಡಿದ್ದರು.
ನಾನು ಗೋಲಿ ಹುಡುಕುವ ನೆಪದಲ್ಲಿ ಬಗ್ಗಿದ್ದೆ.

ಹನ್ನೊಂದು ಪುಟದ ವರದಿ. ಫೋಟೋಗಳು, ಬಾಣದ ಗುರುತು.
ಕೊಳ್ಳಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ.
ಕೊನೆಯ ಸಾಲು ಮಾತ್ರ ಪೆನ್ನಿನಲ್ಲಿ, ಅವಳದೇ ಅಕ್ಷರ:
ಇದು ಮಾರ್ಚಿನ ಗೋಡೆ ಹೇಳಿದ್ದು.
ಕಕ್ಕಡದಲ್ಲಿ ಇನ್ನೊಮ್ಮೆ ಕೇಳಿ.

ಕಕ್ಕಡದ ತನಕ ಯಾರು ಕಾಯ್ತಾರೆ, ಎಂದ ಬೆಳ್ಯಪ್ಪ,
ಇನ್ನೊಂದು ಪಾರ್ಟಿ ಅಡ್ವಾನ್ಸ್ ಹಿಡಿದು ಕೂತಿದೆ ಎಂದ.
ಆ ಪಾರ್ಟಿ ಏಪ್ರಿಲಿನಲ್ಲೂ ಕೂತಿತ್ತು, ಜೂನಿನಲ್ಲೂ.

ಕಕ್ಕಡ ಹದಿನೆಂಟು. ಮೆಟ್ಟಿಲ ತುಂಬ ಮದ್ದುಸೊಪ್ಪಿನ ಘಮ.
ಕೊಡೆ ಮಡಚಿ ಬಾಗಿಲು ತಟ್ಟಿದೆ.
ಚೋಂದಮ್ಮ ಒಳಗೆ ಕರೆದು
ನೇರಳೆ ಪಾಯಸದ ಬಟ್ಟಲು ಕೈಗಿಟ್ಟರು.
ಬೀರನ್ನು ಈ ಸಲ ಅವರೇ ಸರಿಸಿದ್ದರು.
ಗೋಡೆ ತನ್ನ ಒಳಮಗ್ಗುಲನ್ನು
ಹೊರಗೆ ತೊಟ್ಟು ನಿಂತಿತ್ತು,
ಮೊಣಕಾಲಿನಿಂದ ಎದೆಯವರೆಗೆ.
"ನೋಡು" ಎಂದರು. ಅಷ್ಟೇ.

ಪಾಯಸ ಬಿಸಿಯಿತ್ತು. ಬೆರಳಿಗೆ ಬಣ್ಣ ಹತ್ತಿತು.
ಬೆಲೆ ಆಮೇಲೆ ಮಾತಾಡೋಣ, ಎಂದೆ,
ಮಗನ ಕುಪ್ಯ ಇನ್ನೂ ಇದ್ದರೆ
ಒಂದು ಸಲ ತನ್ನಿ.
ಎಡಗಂಕುಳ ಕೆಳಗೆ
ನಿಮಗೊಂದು ತೋರಿಸಬೇಕು.